40 ಸಾವಿರ ರೂಪಾಯಿಯಲ್ಲಿ ಫಾರಿನ್ ನೋಡಿ ಬರಬಹುದಾ?

ಪ್ರಶ್ನೆ: ನಾನು ಮಂಡ್ಯದವನು. ಕೆಲಸಕ್ಕೆ ಸೇರಿ ಎರಡು ವರ್ಷ ಆಯಿತು. ಮನೆಗೆ ಕೊಟ್ಟು ಮಿಕ್ಕಿದ್ದರಲ್ಲಿ 40 ಸಾವಿರ ಕೂಡಿಟ್ಟಿದ್ದೇನೆ. ಒಂದು ಸಲ ಹೊರದೇಶ ನೋಡಬೇಕು ಅಂತ ಆಸೆ. ಇಷ್ಟು ದುಡ್ಡಲ್ಲಿ ಆಗುತ್ತಾ, ಇಲ್ಲಾ ಸುಮ್ನೆ ಕನಸಾ?

ಆಗುತ್ತದೆ. ಒಂದು ದೇಶ, ಒಂದೋ ಎರಡೋ ಊರು, ಐದಾರು ದಿನ. ಇಷ್ಟಕ್ಕೆ ಒಪ್ಪಿಕೊಂಡರೆ ಧಾರಾಳವಾಗಿ ಹೋಗಿಬನ್ನಿ. ‘ಥೈಲ್ಯಾಂಡ್ ಮುಗಿಸಿ, ಅಲ್ಲಿಂದ ಕಾಂಬೋಡಿಯಾ, ಹಾಗೇ ವಿಯೆಟ್ನಾಂ’ ಅಂತ ಪಟ್ಟಿ ಮಾಡಿಕೊಂಡಿದ್ದರೆ ಅದನ್ನು ಈಗಲೇ ಹರಿದುಹಾಕಿ. ದುಡ್ಡು ಕಮ್ಮಿ ಇದ್ದಾಗ ಊರುಗಳನ್ನು ಕಮ್ಮಿ ಮಾಡಬೇಕು. ನಮ್ಮ ಹುಡುಗರು ಊರು ಜಾಸ್ತಿ ಮಾಡಿಕೊಂಡು ಊಟ, ನಿದ್ದೆ, ಇನ್ಶೂರೆನ್ಸ್ ಕಮ್ಮಿ ಮಾಡುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿಂದ.

ಬ್ಯಾಂಕಾಕ್ ಲೆಕ್ಕವನ್ನೇ ಹಾಕಿ ನೋಡೋಣ. ತಿಂಗಳುಗಟ್ಟಲೆ ಮೊದಲೇ ನೋಡಿಕೊಂಡರೆ ಬೆಂಗಳೂರಿಂದ ಹೋಗಿ ಬರುವ ಟಿಕೆಟ್ 15ರಿಂದ 20 ಸಾವಿರದ ಆಸುಪಾಸು ಸಿಗುತ್ತದೆ, 20 ಅಂತಲೇ ಇಟ್ಟುಕೊಳ್ಳಿ. ಮಂಡ್ಯದಿಂದ ದೇವನಹಳ್ಳಿಯ ಏರ್‌ಪೋರ್ಟ್‌ಗೆ ಹೋಗಿ ಬರುವುದು, ಅಲ್ಲಿ ಕಾಯುವಾಗ ತಿಂಡಿ ಕಾಫಿ, ಥೈಲ್ಯಾಂಡಿನ ಸಿಮ್ ಕಾರ್ಡು, ಎಲ್ಲಾ ಸೇರಿ ಎರಡೂವರೆ ಸಾವಿರ. ಇನ್ಶೂರೆನ್ಸ್‌ಗೆ ಒಂದು ಸಾವಿರ. ಉಳಿದದ್ದು ಹದಿನಾರೂವರೆ. ಅದರಲ್ಲಿ 5 ಸಾವಿರ ಮುಟ್ಟಲೇಬಾರದ ದುಡ್ಡು. ಜ್ವರ ಬಂದರೆ, ಬಸ್ಸು ತಪ್ಪಿದರೆ, ಫೋನು ಕಳೆದುಹೋದರೆ ಅಂತ. ಕೊನೆಗೆ ಕೈಯಲ್ಲಿ ನಿಲ್ಲುವುದು ಹನ್ನೊಂದೂವರೆ ಸಾವಿರ, ಅಂದರೆ ಐದು ದಿನಕ್ಕೆ ಹಂಚಿದರೆ ದಿನಕ್ಕೆ 2,300. ಥೈಲ್ಯಾಂಡಿನ ಕರೆನ್ಸಿ ಬಹ್ತ್. ಒಂದು ಬಹ್ತ್‌ಗೆ ಎರಡೂವರೆಯಿಂದ ಮೂರು ರೂಪಾಯಿ ಲೆಕ್ಕದಲ್ಲಿ ಸುಮಾರು 800 ಬಹ್ತ್. ಹಾಸ್ಟೆಲ್ ಡಾರ್ಮಿಟರಿಯಲ್ಲಿ ಒಂದು ಮಂಚಕ್ಕೆ 350–400 ಹೋಗುತ್ತದೆ. ಮಿಕ್ಕ 400ರಲ್ಲಿ ಊಟ, ನೀರು, ಬಸ್ಸು, ದೋಣಿ ಎಲ್ಲಾ ತೂಗಿಸಬೇಕು. ಅಲ್ಲಿನ ಗ್ರ್ಯಾಂಡ್ ಪ್ಯಾಲೇಸ್ ಒಳಗೆ ಹೋಗಲು ಟಿಕೆಟ್ ಒಂದೇ 500 ಬಹ್ತ್! ಅದನ್ನು ನೋಡಿದ ಮಾರನೇ ದಿನ ಕಾಲ್ನಡಿಗೆಯಲ್ಲೇ ಊರು ಸುತ್ತಬೇಕಾಗುತ್ತದೆ. ಹಾಗೆ ಸುತ್ತುವುದರಲ್ಲೂ ನೋಡುವುದು ಬೇಕಾದಷ್ಟಿದೆ, ಅದು ಬೇರೆ ಮಾತು. ಆದರೆ ಶಾಪಿಂಗು, ದ್ವೀಪ, ಸ್ಪೀಡ್ ಬೋಟು ಈ ಲೆಕ್ಕದಲ್ಲಿ ಬರುವುದಿಲ್ಲ.

ಟಿಕೆಟ್ ಅಗ್ಗ ಅಂದರೆ ಏನೇನು ಇರುವುದಿಲ್ಲ ಅನ್ನುವುದೂ ಗೊತ್ತಿರಲಿ. ಸಾಮಾನ್ಯವಾಗಿ 7 ಕೆ.ಜಿ.ಯ ಕೈಚೀಲ ಅಷ್ಟೇ. ಅದಕ್ಕಿಂತ ಜಾಸ್ತಿ ಆದರೆ ಏರ್‌ಪೋರ್ಟ್ ಕೌಂಟರಿನಲ್ಲಿ ಕಟ್ಟಿಸಿಕೊಳ್ಳುವ ದುಡ್ಡು ನಿಮ್ಮ ಎರಡು ದಿನದ ಊಟವನ್ನೇ ನುಂಗುತ್ತದೆ. ಮನೆಯಲ್ಲೇ ತೂಕ ಮಾಡಿ. ಕಮ್ಮಿ ದರದ ವಿಮಾನಗಳು ಹೆಚ್ಚಾಗಿ ರಾತ್ರಿ ಹೊತ್ತಲ್ಲಿ ಹೊರಟು ಬೆಳಗಿನ ಜಾವಕ್ಕೆ ಇಳಿಸುತ್ತವೆ. ಹಾಸ್ಟೆಲಿನವರು ಮಂಚ ಕೊಡುವುದು ಮಧ್ಯಾಹ್ನ ಎರಡಕ್ಕೆ. ನಡುವಿನ ಆ ಏಳೆಂಟು ಗಂಟೆ ಇದೆಯಲ್ಲ, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಿಂದಿನ ದಿನ ಸಂಜೆ ಮಂಡ್ಯ ಬಿಟ್ಟಿರುತ್ತೀರಿ, ರಾತ್ರಿಯೆಲ್ಲಾ ಕಣ್ಣು ಮುಚ್ಚಿರುವುದಿಲ್ಲ, ಅಲ್ಲಿ ಬೆಳಗ್ಗೆ ಎಂಟಕ್ಕೇ ಬೆವರು ಇಳಿಯುತ್ತಿರುತ್ತದೆ, ಬೆನ್ನ ಮೇಲೆ ಚೀಲ, ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು ರಿಸೆಪ್ಷನ್‌ನಲ್ಲಿ ಕೇಳಿದರೆ ‘ಚೀಲ ಇಟ್ಟುಹೋಗಿ, ಎರಡಕ್ಕೆ ಬನ್ನಿ’ ಅನ್ನುತ್ತಾರೆ. ಚೀಲ ಇಟ್ಟು, ಮುಖ ತೊಳೆದು, ಹತ್ತಿರದ ಮಾರ್ಕೆಟ್ಟಿಗೆ ಹೋಗಿ. ಮೊದಲ ದಿನಕ್ಕೆ ಬೇರೆ ಯಾವ ಪ್ಲಾನೂ ಇಟ್ಟುಕೊಳ್ಳಬೇಡಿ. ಡಾರ್ಮಿಟರಿಗೆ ಒಂದು ಸಣ್ಣ ಬೀಗ, ಒಂದು ಟವೆಲು ನಿಮ್ಮದೇ ಇರಲಿ.

ಊಟದ ವಿಷಯಕ್ಕೆ ಬಂದರೆ, ಮಾಂಸ ತಿನ್ನುವವರಿಗೆ ರಸ್ತೆ ಬದಿಯ ಊಟ ಅಗ್ಗವೂ ಹೌದು, ರುಚಿಯೂ ಹೌದು. ಸಸ್ಯಾಹಾರಿಗಳಿಗೆ ಮಾತ್ರ ಕಷ್ಟ. ಬರೀ ತರಕಾರಿ ಹಾಕಿದ್ದೇನೆ ಅಂದರೂ ಮೇಲಿಂದ ಮೀನಿನ ಸಾಸು ಬಿದ್ದಿರುತ್ತದೆ. ಇಂಡಿಯನ್ ಹೋಟೆಲುಗಳಿವೆ, ಬೆಲೆ ಮಾತ್ರ ಎರಡು ಮೂರು ಪಟ್ಟು. ಹುರಿದ ಅವಲಕ್ಕಿ, ಚಟ್ನಿಪುಡಿ, ಕೋಡುಬಳೆ ಕಟ್ಟಿಕೊಂಡು ಹೋಗುವುದಕ್ಕೆ ನಾಚಿಕೆ ಬೇಡ. ಬೆಳಗಿನ ತಿಂಡಿ ಅದರಲ್ಲೇ ಮುಗಿಯುತ್ತದೆ. ಹಣ್ಣಂತೂ ಎಲ್ಲಾ ಕಡೆ ಸಿಗುತ್ತದೆ.

ವೀಸಾ ಬೇಡದ ದೇಶ ಅಂದ ಮಾತ್ರಕ್ಕೆ ಇಮಿಗ್ರೇಷನ್‌ನಲ್ಲಿ ಏನೂ ಕೇಳುವುದಿಲ್ಲ ಅಂತಲ್ಲ. ವಾಪಸ್ ಟಿಕೆಟ್, ಉಳಿಯುವ ಜಾಗದ ಬುಕಿಂಗ್, ಖರ್ಚಿಗೆ ದುಡ್ಡು, ಮೂರನ್ನೂ ತೋರಿಸಲು ತಯಾರಿರಿ. ಥೈಲ್ಯಾಂಡಿಗೆ 2025ರ ಮೇ 1ರಿಂದ ಆನ್‌ಲೈನ್‌ನಲ್ಲೇ ಆಗಮನ ಕಾರ್ಡು ತುಂಬಬೇಕು. ಅದು ಪೂರ್ತಿ ಉಚಿತ. ಅದಕ್ಕೂ ದುಡ್ಡು ಕೀಳುವ ನಕಲಿ ವೆಬ್‌ಸೈಟುಗಳಿವೆ, ಹುಷಾರು. ವೀಸಾ ನಿಯಮಗಳು ಆಗಾಗ ಬದಲಾಗುತ್ತವೆ, ಟಿಕೆಟ್ ಮಾಡುವ ದಿನವೇ ಆ ದೇಶದ ರಾಯಭಾರ ಕಚೇರಿಯ ಸೈಟ್ ನೋಡಿ.

ಯುರೋಪ್ ಈ ದುಡ್ಡಲ್ಲಿ ಆಗುವುದಿಲ್ಲ. ಅಲ್ಲಿನ ಹೆಚ್ಚಿನ ದೇಶಗಳಿಗೆ ಬೇಕಾದ ಷೆಂಗೆನ್ ವೀಸಾದ ಶುಲ್ಕವೇ 90 ಯೂರೋ. ವೀಸಾ ಕೊಡದಿದ್ದರೂ ಅದು ವಾಪಸ್ ಬರುವುದಿಲ್ಲ.

ನನ್ನನ್ನು ಕೇಳಿದರೆ, 40 ಸಾವಿರ ಇರುವವರಿಗೆ ನೇಪಾಳದಷ್ಟು ಹೊಂದುವ ದೇಶ ಇನ್ನೊಂದಿಲ್ಲ. ಭಾರತೀಯರಿಗೆ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲದಿದ್ದರೆ ವೋಟರ್ ಐಡಿ ಸಾಕು. ಆಧಾರ್ ನಂಬಿಕೊಂಡು ಮಾತ್ರ ವಿಮಾನ ಹತ್ತಲು ಹೋಗಬೇಡಿ, ನಿಮ್ಮ ವಯಸ್ಸಿನವರಿಗೆ ಅದು ನಡೆಯುವುದಿಲ್ಲ. ನಮ್ಮ 100 ರೂಪಾಯಿಗೆ ಅಲ್ಲಿನ 160 ರೂಪಾಯಿ, 1993ರಿಂದ ಇದೇ ದರ. ನಮ್ಮ ಸಣ್ಣ ನೋಟುಗಳನ್ನು ಜಾಸ್ತಿ ಇಟ್ಟುಕೊಳ್ಳಿ.

ಇನ್ನೊಂದು ವಿಷಯ ನಮ್ಮ ಕಡೆಯ ತುಂಬಾ ಜನಕ್ಕೆ ಗೊತ್ತಿಲ್ಲ. ಮೈಸೂರಿಂದ ನೇಪಾಳದವರೆಗೆ ಬರೀ ರೈಲಿನಲ್ಲೇ ಹೋಗಬಹುದು! ಮೈಸೂರಿಂದ ವಾರಕ್ಕೊಮ್ಮೆ ಬಿಹಾರದ ದರ್ಭಂಗಾಕ್ಕೆ ಬಾಗ್ಮತಿ ಎಕ್ಸ್‌ಪ್ರೆಸ್ ಇದೆ. ಹೆಚ್ಚು ಕಮ್ಮಿ ಎರಡು ದಿನದ ದಾರಿ, ಸ್ಲೀಪರ್‌ನಲ್ಲಿ ಸಾವಿರ ರೂಪಾಯಿಯ ಆಸುಪಾಸು. ದರ್ಭಂಗಾದಿಂದ ಜಯನಗರಕ್ಕೆ ಇನ್ನೊಂದು ರೈಲು. ನಮ್ಮ ಬೆಂಗಳೂರಿನ ಜಯನಗರ ಅಲ್ಲ, ಗಡಿಯಲ್ಲಿರುವ ಬಿಹಾರದ ಊರು. ಅಲ್ಲಿಂದ ಗಡಿ ದಾಟಿ ಜನಕಪುರಕ್ಕೆ ಹೋಗುವ ರೈಲು 2022ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾಗಿದೆ. ಸೀತೆ ಹುಟ್ಟಿ ಬೆಳೆದ ಊರು ಅಂತ ನಂಬುವ ಜನಕಪುರ ಅದು, ಅಲ್ಲಿನ ಜಾನಕಿ ಮಂದಿರದ ಎದುರು ನಿಂತಾಗ ನೀವು ಫಾರಿನ್‌ನಲ್ಲಿ ಇರುತ್ತೀರಿ. ಮುಂದೆ ಕಠ್ಮಂಡುವಿಗೆ ಬಸ್ಸು, ಗುಡ್ಡದ ದಾರಿ, ಇಡೀ ಹಗಲು ಬೇಕು ಅಂದುಕೊಳ್ಳಿ. ಈ ದಾರಿಗೆ ರಜೆ ಜಾಸ್ತಿ ಬೇಕು. ರಜೆ ಇಲ್ಲದವರು ವಿಮಾನಕ್ಕೇ ದುಡ್ಡು ಹಾಕಬೇಕು, ಬೇರೆ ದಾರಿಯಿಲ್ಲ. ಆಗಲೂ ಅಲ್ಲಿನ ಖರ್ಚು ಕಮ್ಮಿಯೇ. ದಾಲ್ ಭಾತ್ ಕೇಳಿದರೆ ಅನ್ನ, ಬೇಳೆ, ಪಲ್ಯ ಬರುತ್ತದೆ, ಸಾಮಾನ್ಯವಾಗಿ ಮತ್ತೆ ಕೇಳಿದರೂ ಬಡಿಸುತ್ತಾರೆ.

ದಸರಾ ರಜೆಯಲ್ಲಿ ಹೋಗೋಣ ಅಂತ ನಮಗೆ ಮೊದಲು ಅನ್ನಿಸುವುದು ಸಹಜ, ಅಲ್ವಾ? ಅದೇ ಸಮಯಕ್ಕೆ ಅಲ್ಲಿ ದಶೈಂ ನಡೆಯುತ್ತಿರುತ್ತದೆ. ಅದು ಅವರಿಗೆ ವರ್ಷದ ದೊಡ್ಡ ಹಬ್ಬ. ಕಠ್ಮಂಡುವಿನ ಜನ ತಮ್ಮ ಹಳ್ಳಿಗಳಿಗೆ ಹೊರಡುತ್ತಾರೆ, ಬಸ್ಸುಗಳು ತುಂಬಿ ತುಳುಕುತ್ತವೆ, ಎಷ್ಟೋ ಅಂಗಡಿ ಹೋಟೆಲು ಮುಚ್ಚಿರುತ್ತವೆ. ಚಾರಣದ ಸೀಸನ್ನೂ ಅದೇ ಆದ್ದರಿಂದ ರೂಮಿನ ದರವೂ ಏರಿರುತ್ತದೆ. ಹಬ್ಬ ಮುಗಿದು ಒಂದೆರಡು ವಾರ ಬಿಟ್ಟು ಹೋಗಿ, ಅದರಲ್ಲೂ ದೀಪಾವಳಿ ದಾಟಿದ ಮೇಲೆ ಇನ್ನೂ ಒಳ್ಳೆಯದು.

ಮುಖ್ಯವಾದ ಒಂದು ಮಾತು. ‘ದುಡ್ಡು ಕಮ್ಮಿ ಬಿದ್ದರೆ ಅಲ್ಲೇ ಏನಾದರೂ ಕೆಲಸ ಮಾಡಿಕೊಳ್ತೀನಿ’ ಅಂತ ಮಂಡ್ಯದ ಹುಡುಗರು ಹೇಳಿದಾಗ ನನಗೆ ನಿಜಕ್ಕೂ ಭಯವಾಗುತ್ತದೆ. ಟೂರಿಸ್ಟ್ ಆಗಿ ಹೋಗಿ ಕೆಲಸ ಮಾಡುವುದು ಕಾನೂನಿಗೆ ವಿರುದ್ಧ, ಸಿಕ್ಕಿಬಿದ್ದರೆ ದಂಡ, ಗಡೀಪಾರು, ಕೆಲವು ದೇಶಗಳಲ್ಲಿ ಜೈಲು. ಅದಕ್ಕಿಂತ ಕೆಟ್ಟದ್ದು, ಬ್ಯಾಂಕಾಕ್‌ಗೆ ಟಿಕೆಟ್ ಫ್ರೀ, ಕಂಪ್ಯೂಟರ್ ಕೆಲಸ, ಒಳ್ಳೆ ಸಂಬಳ ಅಂತ ಕರೆಸಿಕೊಂಡು ಗಡಿ ದಾಟಿಸಿ ಮ್ಯಾನ್ಮಾರ್‌ನ ಮ್ಯಾವಡ್ಡಿ ಕಡೆಯ ಸೈಬರ್ ವಂಚನೆ ಅಡ್ಡೆಗಳಿಗೆ ತಳ್ಳುವ ಜಾಲ. 2025ರ ಮಾರ್ಚ್‌ನಲ್ಲಿ ಅಲ್ಲಿಂದ ಬಿಡುಗಡೆಯಾದ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನದಲ್ಲಿ ಕರೆತಂದರು. ಯಾರಾದರೂ ನಿಮ್ಮ ಟಿಕೆಟ್ ದುಡ್ಡು ತಾವೇ ಕೊಡುತ್ತೇವೆ ಅಂದರೆ ಹೋಗಬೇಡಿ.

ಇನ್ನು ಕಾರ್ಡು. ಹೊರದೇಶದ ಮೆಷಿನ್ನು ‘ರೂಪಾಯಿಯಲ್ಲಿ ಕಟ್ಟುತ್ತೀರಾ, ಇಲ್ಲಿನ ಕರೆನ್ಸಿಯಲ್ಲಾ’ ಅಂತ ಕೇಳಿದರೆ ಅಲ್ಲಿನ ಕರೆನ್ಸಿಯನ್ನೇ ಒತ್ತಿ. ರೂಪಾಯಿ ಒತ್ತಿದರೆ ದರ ಅವರದ್ದಾಗುತ್ತದೆ, ನಷ್ಟ ನಿಮ್ಮದು. ಬಾಡಿಗೆ ಸ್ಕೂಟರ್ ಓಡಿಸಬೇಕು ಅಂತಿದ್ದರೆ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡೇ ಹೋಗಿ. ಸರಿಯಾದ ಲೈಸೆನ್ಸ್ ಇಲ್ಲದೆ ಬಿದ್ದು ಕೈಕಾಲು ಮುರಿದುಕೊಂಡರೆ ಇನ್ಶೂರೆನ್ಸ್ ಕಂಪನಿ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ.

ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ ಅಂದರೆ ಅದನ್ನು ಈ ವಾರವೇ ಶುರುಮಾಡಿ, ಬೆಂಗಳೂರಿಗೇ ಹೋಗಬೇಕು ಅಂತೇನಿಲ್ಲ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಕೇಂದ್ರ ಅನ್ನುವ ವ್ಯವಸ್ಥೆ 2017ರ ಜನವರಿಯಲ್ಲಿ ದೇಶದಲ್ಲಿ ಮೊದಲು ಶುರುವಾದ ಎರಡು ಊರುಗಳಲ್ಲಿ ನಮ್ಮ ಮೈಸೂರೂ ಒಂದು. 36 ಪುಟದ ಸಾಮಾನ್ಯ ಪಾಸ್‌ಪೋರ್ಟ್‌ಗೆ 1,500 ರೂಪಾಯಿ, ತತ್ಕಾಲ್ ಆದರೆ ಇನ್ನೂ 2,000 ಜಾಸ್ತಿ. ಅರ್ಜಿ ಹಾಕುವ ಮುಂಚೆ ಮಾರ್ಕ್ಸ್ ಕಾರ್ಡು, ಆಧಾರ್, ವೋಟರ್ ಐಡಿ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ‘ಗೌಡ’ ಬಿಟ್ಟೇ ಹೋಗಿರುತ್ತದೆ. ಅದನ್ನು ಸರಿಮಾಡಿಸಿಕೊಂಡ ಮೇಲೆ ಅರ್ಜಿ ಹಾಕಿ, ಪಾಸ್‌ಪೋರ್ಟ್ ಕೈಗೆ ಬರುವವರೆಗೆ ಟಿಕೆಟ್ ಮಾಡಬೇಡಿ.