ಬಿಟ್ಟು ಹೋದವರ ಲೆಕ್ಕ: ಕ್ಲಿನಿಕಲ್ ಟ್ರಯಲ್ ಓದುವಾಗ ನಾನು ಸಿಕ್ಕಿಹಾಕಿಕೊಂಡ ಜಾಗ

ಬಳ್ಳಾರಿಯಲ್ಲಿ ಫಿಸಿಯೋಥೆರಪಿ ಓದುತ್ತಿದ್ದೇನೆ, ಫೈನಲ್ ಇಯರ್. ರಿಸರ್ಚ್ ಪೇಪರಿಗೆ ಓದುವಾಗ ಒಂದೇ ವಿಷಯದಲ್ಲಿ ಮೂರು ದಿನ ತಲೆ ಕೆಟ್ಟಿತ್ತು: ಚಿಕಿತ್ಸೆ ಅರ್ಧಕ್ಕೆ ಬಿಟ್ಟವರನ್ನು ಯಾಕೆ ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು? ನಿನ್ನೆ ರಾತ್ರಿ ಹೊಳೆಯಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಹಾಗಾಗಿ ಇಲ್ಲಿ ಅದೇ ಜಾಸ್ತಿ ಇದೆ, ಉಳಿದದ್ದು ಸ್ವಲ್ಪ.

ಚೀಟಿ ಮತ್ತು ಲಕೋಟೆ

ಒಂದು ಚಿಕಿತ್ಸೆ ಕೆಲಸ ಮಾಡುತ್ತದೋ ಇಲ್ಲವೋ ನೋಡುವ ಪರೀಕ್ಷೆಯೇ ಕ್ಲಿನಿಕಲ್ ಟ್ರಯಲ್. ಅದಕ್ಕೆ ಜನರನ್ನು ಎರಡು ಗುಂಪು ಮಾಡುತ್ತಾರೆ. ಯಾರು ಯಾವ ಗುಂಪಿಗೆ ಅನ್ನುವುದನ್ನು ಡಾಕ್ಟರೂ ಆರಿಸುವಂತಿಲ್ಲ, ರೋಗಿಯೂ ಆರಿಸುವಂತಿಲ್ಲ. ಚೀಟಿ ಎತ್ತಿದ ಹಾಗೆ. ಈಗ ಕಂಪ್ಯೂಟರ್ ಎತ್ತುತ್ತದೆ. ಇದೇ ರ‍್ಯಾಂಡಮೈಸೇಷನ್.

ಮುಂದಿನ ಚೀಟಿ ಯಾವುದು ಅಂತ ರೋಗಿಯನ್ನು ಸೇರಿಸಿಕೊಳ್ಳುವವರಿಗೂ ಗೊತ್ತಾಗಬಾರದು. ಬ್ರಿಟನ್ನಿನಲ್ಲಿ ಟಿಬಿಗೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ ಟ್ರಯಲ್ 1948ರಲ್ಲಿ ಪ್ರಕಟವಾಯಿತು. ಅದರಲ್ಲೇ ಮುಚ್ಚಿದ ಲಕೋಟೆ ಬಳಸಿದ್ದರು. ಯಾಕೆ ಮುಚ್ಚಬೇಕು? "ಪಾಪ, ಈ ಅಜ್ಜಿಗೆ ನೋವು ಜಾಸ್ತಿ, ಒಳ್ಳೆ ಚೀಟಿ ಬರುವವರೆಗೆ ಕೂರಿಸೋಣ" ಅಂತ ಯಾರಿಗಾದರೂ ಕರುಣೆ ಬಂತೋ, ಮುಗಿಯಿತು. ಮೋಸವೇ ಆಗಬೇಕಿಲ್ಲ, ಕರುಣೆ ಬಂದರೂ ಚೀಟಿ ಕೆಡುತ್ತದೆ.

ಇನ್ನು ಬ್ಲೈಂಡಿಂಗ್, ಅಂದರೆ ಯಾರು ಯಾವ ಗುಂಪು ಅಂತ ಗೊತ್ತಾಗದ ಹಾಗೆ ಮಾಡುವುದು. ಮಾತ್ರೆಯಾದರೆ ಅದೇ ಬಣ್ಣದ ಸುಳ್ಳು ಮಾತ್ರೆ ಕೊಡಬಹುದು. ನಮ್ಮ ಕೆಲಸದಲ್ಲಿ ಅದು ಕಷ್ಟ. ಭುಜ ಎತ್ತಿಸುವವಳಿಗೆ ತಾನು ಎತ್ತಿಸುತ್ತಿದ್ದೇನೆ ಅಂತ ಗೊತ್ತಿರುತ್ತದಲ್ಲ. ಅದಕ್ಕೇ ಕೊನೆಗೆ ಅಳೆಯುವವರಿಗಾದರೂ ಗುಂಪು ಗೊತ್ತಿರಬಾರದು ಅನ್ನುತ್ತಾರೆ. ಒಮ್ಮೆ ಪ್ರಾಕ್ಟೀಸಿಗೆ ಅಳೆಯುವ ಕೆಲಸ ನನ್ನದಾಗಿತ್ತು. ಗೋನಿಯೋಮೀಟರ್ (ಕೀಲು ಎಷ್ಟು ಆಡುತ್ತದೆ ಅಂತ ಅಳೆಯುವ ಸಾಧನ) ಇನ್ನೂ ಭುಜಕ್ಕೆ ಹಿಡಿದಿರಲಿಲ್ಲ, ಅಜ್ಜ ಶುರು ಮಾಡಿದರು: "ಆ ಮೇಡಂ ಹೇಳಿಕೊಟ್ಟಿದ್ದು ದಿನಾ ಎರಡು ಸಲ ಮಾಡೀನವ್ವ, ನೋಡು ಎಷ್ಟು ಮೇಲೆ ಹೋಗ್ತದ!" ಅಲ್ಲಿಗೆ ನನ್ನ ಬ್ಲೈಂಡಿಂಗ್ ಮುಗಿಯಿತು. ಗುಂಪಿನ ವಿಷಯ ಬಾಯಿ ಬಿಡಬೇಡಿ ಅಂತ ರೋಗಿಗೆ ಮೊದಲೇ ಹೇಳಿಡಬೇಕು. ಪುಸ್ತಕದಲ್ಲಿ ಇದು ಒಂದೇ ಸಾಲು. ಆ ಅಜ್ಜ ಇಲ್ಲದಿದ್ದರೆ ನನ್ನ ತಲೆಗೆ ಹೋಗುತ್ತಿರಲಿಲ್ಲ.

ಈಗ ನಾನು ಸಿಕ್ಕಿಹಾಕಿಕೊಂಡ ಜಾಗ: ಐಟಿಟಿ

ಪೂರ್ತಿ ಹೆಸರು ಇಂಟೆನ್ಷನ್ ಟು ಟ್ರೀಟ್. (ಮನೆಯಲ್ಲಿ ಐಟಿಟಿ ಅಂದರೆ ಅಪ್ಪ ಐಟಿಐ ಅಂದುಕೊಂಡರು.) ನಿಯಮ ಇಷ್ಟೇ: ಚೀಟಿಯಲ್ಲಿ ಯಾವ ಗುಂಪು ಬಂತೋ, ಲೆಕ್ಕವೂ ಆ ಗುಂಪಿನಲ್ಲೇ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೂ, ಒಂದು ದಿನವೂ ಬರದಿದ್ದರೂ.

ನಮ್ಮ ಮೇಡಂ ಒಂದು ಶೀಟ್ ಕೊಟ್ಟಿದ್ದರು. ನಿಜವಾದ ಟ್ರಯಲ್ ಅಲ್ಲ, ಅಭ್ಯಾಸಕ್ಕೆ ಕಟ್ಟಿದ ಲೆಕ್ಕ. ಬಳ್ಳಾರಿಯ ಜೀನ್ಸ್ ಹೊಲಿಯುವ ಟೈಲರ್‌ಗಳು, ಕುತ್ತಿಗೆ ನೋವು, ಒಟ್ಟು 100 ಜನ. 50 ಜನಕ್ಕೆ ಎಂಟು ವಾರ ಎಕ್ಸರ್‌ಸೈಜ್. ಇನ್ನು 50 ಜನಕ್ಕೆ ಹೇಗೆ ಕೂರಬೇಕು ಅನ್ನುವ ಸಲಹೆ ಮಾತ್ರ. ಎಕ್ಸರ್‌ಸೈಜ್ ಗುಂಪಿನಲ್ಲಿ 30 ಜನ ಸರಿಯಾಗಿ ಬಂದರು, 20 ಜನ ಬಿಟ್ಟರು. ಬಂದ 30ರಲ್ಲಿ 21 ಜನಕ್ಕೆ ಗುಣ. ಬಿಟ್ಟ 20ರಲ್ಲಿ 4 ಜನಕ್ಕೆ. ಸಲಹೆ ಗುಂಪಿನ 50ರಲ್ಲಿ 20 ಜನಕ್ಕೆ.

ನಾನು ಬಿಟ್ಟವರ 20 ಸಾಲು ಅಳಿಸಿಬಿಟ್ಟೆ. 30ಕ್ಕೆ 21 ಅಂದರೆ 70%. ಆ ಕಡೆ 50ಕ್ಕೆ 20 ಅಂದರೆ 40%. ವ್ಯತ್ಯಾಸ 30! ಖುಷಿಯಿಂದ ತೋರಿಸಿದೆ.

"ಇಪ್ಪತ್ತು ಮಂದಿ ಎಲ್ಲಿ ಹೋದ್ರಮ್ಮ?"

"ಬಿಟ್ಟು ಹೋದ್ರು ಮೇಡಂ, ಅದಕ್ಕೆ ತೆಗೆದೆ."

"ಅವರು ಎಕ್ಸರ್‌ಸೈಜ್ ಬಿಟ್ಟರು. ನೀನ್ಯಾಕೆ ಅವರನ್ನ ಬಿಟ್ಟೆ?"

ಐಟಿಟಿ ಪ್ರಕಾರ ಈ ಕಡೆ 21 ಮತ್ತು 4 ಸೇರಿ 25, ಅಂದರೆ 50ಕ್ಕೆ 25, 50%. ಆ ಕಡೆ 40%. ವ್ಯತ್ಯಾಸ ಬರೀ 10. ನನಗೆ ಸಿಟ್ಟೇ ಬಂತು. ಎಕ್ಸರ್‌ಸೈಜ್ ಮಾಡದವರನ್ನು ಎಕ್ಸರ್‌ಸೈಜ್ ಗುಂಪಿನಲ್ಲಿ ಎಣಿಸುವುದು ಎಂಥ ನ್ಯಾಯ? ಊಟಕ್ಕೇ ಕೂರದವರನ್ನು ಸಾರು ಹೇಗಿತ್ತು ಅಂತ ಕೇಳಿದ ಹಾಗಲ್ವಾ? ಮೂರು ದಿನ ಇಲ್ಲೇ ಇದ್ದೆ.

ಬಿಡಿಸಿದ್ದು ಒಂದು ಪ್ರಶ್ನೆ: ಬಿಟ್ಟವರು ಯಾರು? ನಮ್ಮ ಓಣಿಯಲ್ಲೇ ಟೈಲರ್‌ಗಳಿದ್ದಾರೆ. ಕೂಲಿ ಪೀಸ್ ಲೆಕ್ಕದಲ್ಲಿ. ಹಬ್ಬದ ಮುಂಚೆ ಆರ್ಡರ್ ಬಂದರೆ ರಾತ್ರಿ ಹತ್ತಾದರೂ ಮೆಷಿನ್ ನಿಲ್ಲುವುದಿಲ್ಲ. ದಪ್ಪ ಬಟ್ಟೆ, ಬಗ್ಗಿದ ಕತ್ತು. ಒಂದು ತಾಸು ಎಕ್ಸರ್‌ಸೈಜಿಗೆ ಹೋದರೆ ಅಷ್ಟು ಪ್ಯಾಂಟಿನ ದುಡ್ಡು ಹೋಯಿತು. ಅವರೇ ಬಿಡುವವರು. ಕುತ್ತಿಗೆ ಬೇಗ ಗುಣವಾಗದವರೂ ಅವರೇ. ಬಿಡುವು ಇದ್ದವರು ಬಂದರು. ಅವರಿಗೆ ಎಕ್ಸರ್‌ಸೈಜ್ ಇಲ್ಲದಿದ್ದರೂ ಸ್ವಲ್ಪ ಗುಣವಾಗುತ್ತಿತ್ತು.

ಈಗ ಮುಖ್ಯ ಮಾತು. ಇದನ್ನು ನಿಧಾನವಾಗಿ ಓದಿ. ಚೀಟಿ ಎತ್ತಿದ್ದರಿಂದ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಥರದ ಜನ ಇದ್ದಾರೆ. ಅಂದರೆ ಸಲಹೆ ಗುಂಪಿನಲ್ಲೂ "ಎಕ್ಸರ್‌ಸೈಜ್ ಕೊಟ್ಟಿದ್ದರೆ ಬಿಡುತ್ತಿದ್ದ" 20 ಜನ ಕೂತಿದ್ದಾರೆ. ಆದರೆ ಅವರಿಗೆ ಬಿಡಲು ನಾವು ಏನೂ ಕೊಟ್ಟಿಲ್ಲ. ಹಾಗಾಗಿ ಅವರು ಯಾರು ಅಂತ ಗುರುತು ಸಿಗುವುದಿಲ್ಲ. ಈ ಕಡೆಯ 20 ಜನರನ್ನು ತೆಗೆದೆ, ಆ ಕಡೆ ಅವರ ಜೋಡಿಗಳು ಹಾಗೇ ಉಳಿದರು. ತಕ್ಕಡಿಯ ಒಂದೇ ತಟ್ಟೆಯಿಂದ ಕಲ್ಲು ಎತ್ತಿದ ಹಾಗೆ.

ಲೆಕ್ಕ ಹಾಕಿಯೇ ನೋಡೋಣ. ಆ ಕಡೆಯ ಗುಪ್ತ 20 ಜನರಲ್ಲೂ 4 ಜನಕ್ಕೇ ಗುಣ ಅಂದುಕೊಳ್ಳಿ. ಎರಡೂ ಕಡೆಯ ಈ 20 ಜನ ಎಕ್ಸರ್‌ಸೈಜ್ ಮಾಡಿಲ್ಲ, ಹಾಗಾಗಿ ಹಾಗೆ ಅಂದುಕೊಳ್ಳುವುದು ಸರಿ. ಒಟ್ಟು 20ರಲ್ಲಿ 4 ಕಳೆದರೆ 16. ಅದು ಆ ಕಡೆಯ "ಬರುತ್ತಿದ್ದ" 30 ಜನರದ್ದು. ಈ ಕಡೆ 30ಕ್ಕೆ 21, ಆ ಕಡೆ 30ಕ್ಕೆ 16. 70% ಮತ್ತು 53%. ನಿಜವಾದ ವ್ಯತ್ಯಾಸ ಸುಮಾರು 17. ನಾನು ತೋರಿಸಿದ 30ರಲ್ಲಿ ಹತ್ತಿರ ಹತ್ತಿರ ಅರ್ಧ ಎಕ್ಸರ್‌ಸೈಜಿನದ್ದಲ್ಲ, ಬಿಡುವಿನದ್ದು!

ಇದನ್ನು ಹಾಳೆಯ ಮೇಲೆ ಒಮ್ಮೆ ನೀವೇ ಹಾಕಿ. ಓದಿದರೆ ಸಾಲದು, ನನಗೆ ಸಾಲಲಿಲ್ಲ.

ಬಿಡುವುದು ಬೇರೆ, ಕಾಣೆಯಾಗುವುದು ಬೇರೆ

ಎಕ್ಸರ್‌ಸೈಜ್ ಬಿಟ್ಟ ಟೈಲರ್ ಕೊನೆಗೆ ಬಂದು ನೋವು ಎಷ್ಟು ಅಂತ ಹೇಳಿದರೆ ತೊಂದರೆ ಇಲ್ಲ, ಐಟಿಟಿ ನಡೆಯುತ್ತದೆ. ಫೋನೂ ಎತ್ತದಿದ್ದರೆ ಆ ಕಾಲಂ ಖಾಲಿ. ಐಟಿಟಿ ಅಂದುಬಿಟ್ಟರೆ ಖಾಲಿ ಕಾಲಂ ತುಂಬುವುದಿಲ್ಲ. ಅದಕ್ಕೇ ಚಿಕಿತ್ಸೆ ಬಿಟ್ಟವರ ಮನೆಗಾದರೂ ಹೋಗಿ ಅಳತೆ ತರಬೇಕು. ಸಿಗರೇಟ್ ಬಿಡಿಸುವ ಟ್ರಯಲ್‌ಗಳಲ್ಲಿ ಒಂದು ಕಟ್ಟುನಿಟ್ಟಿನ ರೂಢಿ ಇದೆ. ಕೊನೆಗೆ ಸಿಗದವರನ್ನು ಇನ್ನೂ ಸೇದುತ್ತಿದ್ದಾರೆ ಅಂತಲೇ ಎಣಿಸುತ್ತಾರೆ. ಗುಟ್ಕಾ ಬಿಟ್ಟೆ ಅಂದ ನಮ್ಮ ಚಿಕ್ಕಪ್ಪ ಮುಖ ತಪ್ಪಿಸಿ ಓಡಾಡುವುದು ನೋಡಿದರೆ ಇದು ಸರಿ ಅನಿಸುತ್ತದೆ.

ನಿಜವಾದ ಒಂದು ಟ್ರಯಲ್

ಭಾರತದ್ದೇ ಇದೆ, ಹೆಸರು ಅಟೆಂಡ್. ಒಂದು ಗುಂಪಿನಲ್ಲಿ ಲಕ್ವ ಹೊಡೆದವರಿಗೆ ಮನೆಯವರೇ ವ್ಯಾಯಾಮ ಮಾಡಿಸುವಂತೆ ಕಲಿಸಿದರು, ಇನ್ನೊಂದು ಗುಂಪಿಗೆ ಎಂದಿನ ಚಿಕಿತ್ಸೆ ಮಾತ್ರ. 14 ಆಸ್ಪತ್ರೆ, 1250 ರೋಗಿಗಳು, 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಆರು ತಿಂಗಳಿಗೆ ತೀರಿಕೊಂಡವರು ಅಥವಾ ಇನ್ನೊಬ್ಬರ ಆಸರೆಯಲ್ಲೇ ಇದ್ದವರು ಎರಡೂ ಗುಂಪಿನಲ್ಲಿ 47%. ಏನೂ ವ್ಯತ್ಯಾಸ ಇಲ್ಲ. ಓದಿ ಬೇಜಾರಾಯಿತು, ನಮ್ಮ ಕಡೆ ಹಳ್ಳಿಗಳಿಗೆ ಹೇಳಿ ಮಾಡಿಸಿದ ಉಪಾಯ ಅದು. ಆದರೆ ಬೇಜಾರಾಗುವ ಉತ್ತರವನ್ನೂ ಹಾಗೇ ಬರೆದರಲ್ಲ, ಅದಕ್ಕೆ ನನಗೆ ಮರ್ಯಾದೆ ಹೆಚ್ಚಾಯಿತು.

ಪೇಪರ್ ಓದುವಾಗ ನನ್ನ ಅಡ್ಡದಾರಿ: ಮೊದಲು ಬಾಣಗಳ ಚಿತ್ರಕ್ಕೆ ಹೋಗುತ್ತೇನೆ. ಮೇಲೆ ಚೀಟಿ ಎತ್ತಿದವರು ಎಷ್ಟು, ಕೆಳಗೆ ಲೆಕ್ಕಕ್ಕೆ ಬಂದವರು ಎಷ್ಟು. ಎರಡೂ ಒಂದೇ ಇಲ್ಲದಿದ್ದರೆ ಪೆನ್ಸಿಲಿನಲ್ಲಿ ಗುಂಡಗೆ ಸುತ್ತು ಹಾಕುತ್ತೇನೆ. ಆಮೇಲೆ ಸಿಟಿಆರ್‌ಐ ನೋಡುತ್ತೇನೆ. ಅದು 2007ರಲ್ಲಿ ಶುರುವಾದ ನಮ್ಮ ದೇಶದ ಟ್ರಯಲ್ ನೋಂದಣಿ ಪಟ್ಟಿ. 2018ರ ಏಪ್ರಿಲ್‌ನಿಂದ ಮೊದಲ ರೋಗಿ ಸೇರುವ ಮುಂಚೆಯೇ ಅಲ್ಲಿ ನೋಂದಾಯಿಸಬೇಕು. ಏನು ಅಳೆಯುತ್ತೇವೆ ಅಂತ ಅಲ್ಲಿ ಬರೆದದ್ದೂ ಪೇಪರಿನಲ್ಲಿ ಇರುವುದೂ ಒಂದೇನಾ ಅಂತ ನೋಡಿಬಿಡಿ.

ಒಂದು ಪ್ರಶ್ನೆ ಉಳಿಯುತ್ತದೆ. ಟೈಲರ್ ಬಂದು "ನಾನು ತಪ್ಪದೆ ಮಾಡಿದರೆ ಎಷ್ಟು ಗುಣ?" ಅಂತ ಕೇಳಿದರೆ? ಐಟಿಟಿಯ 10 ಅವನ ಉತ್ತರವಲ್ಲ. ಅದು ಎಕ್ಸರ್‌ಸೈಜ್ ಹೇಳಿಕೊಟ್ಟು ಕಳಿಸಿದರೆ ಊರಿಗೆ ಆಗುವ ಲಾಭ. ಅವನಿಗೆ ಹತ್ತಿರದ್ದು ಆ 17. ಮೇಡಂಗೆ ಇದನ್ನು ಹೇಳಿದೆ. ಶೀಟ್ ವಾಪಸ್ ಕೊಟ್ಟು, "ಹಬ್ಬದ ಸೀಜನ್ನಿನಲ್ಲಿ ತಪ್ಪದೆ ಹೇಗೆ ಮಾಡ್ತಾನೆ, ಅದನ್ನ ಯೋಚಿಸಿ ಬಾ" ಅಂದರು.