ವ್ಯಾಮ್ ಅಂದರೆ ಏನು? ಶುಂಠಿಗೆ ಯಾಕೆ?

ಗುಬ್ಬಿ, ತಿಪಟೂರು ಕಡೆ ತೆಂಗಿನ ಸಾಲಿನ ನಡುವೆ ಶುಂಠಿ ಹಾಕುವವರು ‘ವ್ಯಾಮ್’ ಪೊಟ್ಟಣ ಬಿಚ್ಚಿ ನೋಡಿದರೆ ಕಾಣುವುದು ಮಣ್ಣಿನಂಥ ಪುಡಿ, ಅದರಲ್ಲಿ ಬೇರಿನ ಚೂರು. ಇದಕ್ಕೂ ದುಡ್ಡು ಕೊಡಬೇಕಾ ಅನ್ನಿಸುವುದು ಸಹಜ, ಅಲ್ವಾ?

ಆ ಚೂರುಗಳಲ್ಲೇ ಇದೆ ವಿಷಯ. ವ್ಯಾಮ್ (ವೆಸಿಕ್ಯುಲರ್ ಅರ್ಬಸ್ಕ್ಯುಲರ್ ಮೈಕೊರೈಜಾ) ಬೇರಿನೊಳಗೆ ಹೊಕ್ಕು ಬದುಕುವ ಶಿಲೀಂಧ್ರ. ಬೇರು, ಶಿಲೀಂಧ್ರಗಳ ಇಂಥ ಜೋಡಿಗೆ 1885ರಲ್ಲಿ ಜರ್ಮನಿಯ ಎ. ಬಿ. ಫ್ರಾಂಕ್ ‘ಮೈಕೊರೈಜಾ’ ಎಂದು ಹೆಸರಿಟ್ಟರು. ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ. ಜೆ. ಭಾಗ್ಯರಾಜ್ ಇದರ ಮೇಲೆ ವರ್ಷಗಟ್ಟಲೆ ಸಂಶೋಧನೆ ಮಾಡಿದ್ದಾರೆ.

ಗಿಡ ಎಲೆಯಲ್ಲಿ ಮಾಡಿದ ಸಕ್ಕರೆಯಲ್ಲಿ ಒಂದು ಪಾಲನ್ನು ಶಿಲೀಂಧ್ರಕ್ಕೆ ಕೊಡುತ್ತದೆ. ಶಿಲೀಂಧ್ರ ಕೂದಲಿಗಿಂತ ಸಣ್ಣ ಎಳೆಗಳನ್ನು ಮಣ್ಣಿಗೆ ಬಿಟ್ಟು ರಂಜಕ, ಸತುವು ತಂದುಕೊಡುತ್ತದೆ. ಕೆಂಪು ಮಣ್ಣಿನಲ್ಲಿ ರಂಜಕ ಕಬ್ಬಿಣದ ಜೊತೆ ಕಟ್ಟಿಕೊಂಡು ಇದ್ದ ಜಾಗದಲ್ಲೇ ಕೂತುಬಿಡುತ್ತದೆ. ಶುಂಠಿಯದೋ ದಪ್ಪ ಬೇರು, ಆಳಕ್ಕೂ ಇಳಿಯುವುದಿಲ್ಲ. ಬೇರು ಮುಟ್ಟದ ಕಡೆಗೂ ಆ ಎಳೆಗಳು ಹೋಗುತ್ತವೆ. ಪ್ರಯೋಗಗಳಲ್ಲಿ ಗೆಡ್ಡೆಯ ತೂಕ ಹೆಚ್ಚಿದೆ, ಕೆಲವು ಕಡೆ ಎಣ್ಣೆಯ ಅಂಶವೂ ಹೆಚ್ಚಿದೆ. ಆದರೆ ಎಲ್ಲ ಹೊಲದಲ್ಲೂ ಅಷ್ಟೇ ಫಲ ಸಿಗುತ್ತದೆ ಅಂತ ಮಾರುವವರು ಹೇಳಿದರೆ ನಂಬಬೇಡಿ.

ಇದನ್ನು ಟ್ರೈಕೋಡರ್ಮಾ ಜೊತೆ ಗೊಂದಲ ಮಾಡಿಕೊಳ್ಳುವವರು ಜಾಸ್ತಿ. ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ, ಆದರೆ ಅದರ ಮುಖ್ಯ ಕೆಲಸ ಗೆಡ್ಡೆ ಕೊಳೆಸುವ ಪಿಥಿಯಂನಂಥ ರೋಗಾಣುಗಳನ್ನು ತಡೆಯುವುದು. ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿಗೆ ಬೆರೆಸಿ ನೆರಳಲ್ಲಿ ತೇವವಾಗಿಟ್ಟರೆ ಹೆಚ್ಚಿಕೊಳ್ಳುತ್ತದೆ. ವ್ಯಾಮ್ ಹಾಗಲ್ಲ. ಜೀವಂತ ಬೇರು ಸಿಗದೆ ಅದು ಬೆಳೆಯುವುದೇ ಇಲ್ಲ. ಅದಕ್ಕೇ ಅದನ್ನು ಜೋಳ, ರಾಗಿಯಂಥ ಗಿಡದ ಬೇರಿನಲ್ಲಿ ಬೆಳೆಸಿ, ಮಣ್ಣು ಸಮೇತ ಪೊಟ್ಟಣಕ್ಕೆ ತುಂಬುತ್ತಾರೆ. ತಿಪ್ಪೆಗೆ ಬೆರೆಸಿ ಹೆಚ್ಚಲಿ ಅಂತ ಕಾಯುವುದು ಸುಮ್ನೆ ಕೆಲಸ.

ಹಾಗಾಗಿ ನಾಟಿ ದಿನ, ಏರುಮಡಿಯ ಗುಣಿಯಲ್ಲಿ, ಬಿತ್ತನೆ ಗೆಡ್ಡೆಯ ಕೆಳಗೇ ಹಾಕಬೇಕು. ಮೇಲೆ ಎರಚಿದರೆ ಬೇರಿಗೆ ಸಿಗುವುದು ಕಷ್ಟ. ರಂಜಕ ಹೆಚ್ಚಿರುವ ಡಿಎಪಿ ಗೊಬ್ಬರ ಸುರಿದರೂ ಕೆಡುತ್ತದೆ. ರಂಜಕ ಸುಲಭವಾಗಿ ಸಿಕ್ಕರೆ ಗಿಡ ಇದನ್ನು ಒಳಗೆ ಬಿಟ್ಟುಕೊಳ್ಳುವುದೇ ಕಡಿಮೆ. ಕಾರ್ಬೆಂಡಜಿಮ್‌ನಂಥ ಶಿಲೀಂಧ್ರ ಕೊಲ್ಲುವ ಔಷಧಿಯೂ ಇದಕ್ಕೆ ಆಗಿಬರುವುದಿಲ್ಲ.

ಕೋಲಾರ, ಚಿಕ್ಕಬಳ್ಳಾಪುರದವರು ಇನ್ನೊಂದು ನೋಡಿಕೊಳ್ಳಬೇಕು. ಎಲೆಕೋಸು, ಹೂಕೋಸು, ಬೀಟ್‌ರೂಟ್ ಬೇರಿಗೆ ಈ ಶಿಲೀಂಧ್ರ ಸೇರುವುದಿಲ್ಲ. ಅವನ್ನೇ ಬೆಳೆದ ಜಾಗದಲ್ಲಿ ಇದು ಕಡಿಮೆಯಾಗಿರುತ್ತದೆ. ಅಲ್ಲಿ ಶುಂಠಿಗೆ ಮೊದಲು ಒಂದು ಬೆಳೆ ರಾಗಿ ತೆಗೆಯುವುದು ಒಳ್ಳೆಯದು.