ನೀರು ನಿಲ್ಲಿಸುವ ಮೊದಲು ನೆಲದ ನಾಡಿ ಹಿಡಿಯಬೇಕು

1967ರ ಡಿಸೆಂಬರ್ 11ರ ನಸುಕಿನಲ್ಲಿ ಮಹಾರಾಷ್ಟ್ರದ ಕೊಯ್ನಾ ಕಣಿವೆ ನಡುಗಿತು. ಸುತ್ತಲಿನ ಊರುಗಳಲ್ಲಿ 150ಕ್ಕೂ ಹೆಚ್ಚು ಮಂದಿ ಸತ್ತರು. 103 ಮೀಟರ್ ಎತ್ತರದ ಅಣೆಕಟ್ಟು ನಿಂತಿತಾದರೂ ಬಿರುಕು ಬಿಟ್ಟಿತು. ಬಿರುಕು ಬಂದದ್ದು ಬುಡದಲ್ಲಲ್ಲ, ಮೇಲೆ, ಹಿಂಬದಿಯ ಇಳಿಜಾರು ಥಟ್ಟನೆ ಕಡಿದಾಗುವ ಮಟ್ಟದಲ್ಲಿ.

ಕಾರಣ ಲೆಕ್ಕದಲ್ಲೇ ಇತ್ತು. ವಿನ್ಯಾಸ ಮಾಡಿದವರು ಬುಡದಿಂದ ನೆತ್ತಿಯವರೆಗೆ ಒಂದೇ ಸಮ, ಗುರುತ್ವದ ಶೇ 5ರಷ್ಟು (0.05 ಜಿ) ಅಡ್ಡಬಲ ಹಿಡಿದಿದ್ದರು. ಅಣೆಕಟ್ಟಿನಲ್ಲೇ ಇಟ್ಟಿದ್ದ ಮಾಪಕ ಬರೆದದ್ದು ಸುಮಾರು 0.49 ಜಿ. ಸಾಲದ್ದಕ್ಕೆ, ಎತ್ತರದ ಕಟ್ಟಡ ತೆಂಗಿನ ಮರದಂತೆ ತೂಗುತ್ತದೆ: ಬುಡದಲ್ಲಿ ಕಡಿಮೆ, ತುದಿಯಲ್ಲಿ ಜಾಸ್ತಿ. ಆ ಹೆಚ್ಚಿನ ಎಳೆತವೆಲ್ಲ ಇಳಿಜಾರು ಮುರಿಯುವ ಮೂಲೆಗೆ ಬಂದು ಸೇರಿತು. ಎತ್ತರದ ಭಾಗಗಳಿಗೆ ಹಿಂದಿನಿಂದ ಕಾಂಕ್ರೀಟಿನ ಆಸರೆ ಕೊಟ್ಟದ್ದು ಆಮೇಲೆ.

ಭೂಕಂಪ ನಿರೋಧಕ ವಿನ್ಯಾಸಕ್ಕೆ ಭಾರತದ ಮಾನದಂಡವಾದ ಐಎಸ್ 1893ರ ಆಗಿನ ವಲಯ ನಕ್ಷೆಯಲ್ಲಿ ಕೊಯ್ನಾ ಇದ್ದದ್ದು ಅಪಾಯ ತೀರ ಕಡಿಮೆ ಎನ್ನಿಸಿಕೊಂಡ ವಲಯದಲ್ಲಿ. 1970ರ ಪರಿಷ್ಕರಣೆಯಲ್ಲಿ ಅದು ನಾಲ್ಕನೇ ವಲಯಕ್ಕೆ ಏರಿತು. 1993ರ ಭೂಕಂಪದಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ನೆಲಸಮವಾದಾಗ ಆ ಪ್ರದೇಶವೂ ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. 2002ರಲ್ಲಿ ಆ ಒಂದನೇ ವಲಯವನ್ನೇ ಕೈಬಿಡಲಾಯಿತು. ಅಂದರೆ ನಕ್ಷೆ ನಡೆದದ್ದು ಭೂಕಂಪದ ಹಿಂದೆ, ಮುಂದೆ ಅಲ್ಲ.

ಕೊಯ್ನಾದ ದೊಡ್ಡ ಪ್ರಶ್ನೆ ಬೇರೆ: ನಡುಕಕ್ಕೆ ಜಲಾಶಯ ಕಾರಣವೇ? ನೀರಿನ ಭಾರವೇ ನೆಲ ಒಡೆಯಿತು ಎನ್ನುವುದು ಲೆಕ್ಕಕ್ಕೆ ನಿಲ್ಲದ ಮಾತು. 100 ಮೀಟರ್ ನೀರಿನ ಒತ್ತಡ ಸುಮಾರು 1 ಮೆಗಾಪಾಸ್ಕಲ್. 5 ಕಿಲೋಮೀಟರ್ ಆಳದಲ್ಲಿ ಬಂಡೆಯ ಸ್ವಂತ ಭಾರವೇ 130ರ ಆಸುಪಾಸು. ಆದರೆ ನೀರು ಬಂಡೆಯ ಬಿರುಕುಗಳಿಗೆ ಇಳಿದು, ಸ್ತರಭಂಗದ (ಬಂಡೆ ಮುರಿದು ಜಾರುವ ಸೀಳು) ಎರಡು ಮುಖಗಳನ್ನು ಒತ್ತಿ ಹಿಡಿದಿರುವ ಬಿಗಿಯನ್ನು ಅಷ್ಟಿಷ್ಟು ಸಡಿಲಿಸುತ್ತದೆ. ಜಾರಲು ತುದಿಗಾಲಲ್ಲಿ ನಿಂತ ಸ್ತರಭಂಗಕ್ಕೆ ಅಷ್ಟು ಸಾಕು. ಹಾಗಾಗಿ ಜಲಾಶಯ ಭೂಕಂಪವನ್ನು 'ಸೃಷ್ಟಿಸಿತು' ಅನ್ನುವುದಕ್ಕಿಂತ 'ಕೆರಳಿಸಿತು' ಅನ್ನುವುದೇ ಸರಿ. ಅಮೆರಿಕದ ಹೂವರ್ ಅಣೆಕಟ್ಟಿನ ಹಿಂದೆ 1930ರ ದಶಕದಲ್ಲಿ, ಚೀನಾದ ಷಿನ್‌ಫೆಂಗ್‌ಜಿಯಾಂಗ್‌ನಲ್ಲಿ 1962ರಲ್ಲಿ ಇದೇ ಆಗಿತ್ತು.

ಹಾಗಿದ್ದೂ ಕೊಯ್ನಾದ ವಾದ ವರ್ಷಗಟ್ಟಲೆ ಎಳೆದದ್ದೇಕೆ? ಮೊದಲಿನ ಅಳತೆಯೇ ಇರಲಿಲ್ಲ. ನೀರು ತುಂಬಿ ಸಣ್ಣ ನಡುಕಗಳು ಜನರಿಗೆ ಗೊತ್ತಾಗತೊಡಗಿದ ಮೇಲಷ್ಟೇ ಅಲ್ಲಿ ಮಾಪಕಗಳ ಜಾಲ ಬಂತು. ನೀರಿಗೆ ಮುಂಚೆ ಅಲ್ಲಿ ತಿಂಗಳಿಗೆ ಎಷ್ಟು ಸಣ್ಣ ಕಂಪನಗಳಾಗುತ್ತಿದ್ದವು ಎಂದು ಈಗ ಯಾರೂ ಅಳೆಯಲಾರರು. 1968ರಲ್ಲಿ ನದಿ ಕಣಿವೆ ಯೋಜನೆಗಳಲ್ಲಿ ಭೂಕಂಪ ಮಾಪಕ ಇಡುವುದಕ್ಕೆಂದೇ ಐಎಸ್ 4967 ಎಂಬ ಶಿಫಾರಸು ಬಂತು.

ಒಂದು ಮಾಪಕ ಇಟ್ಟರೆ ಕೆಲಸವಾಗದು. ಕಂಪನದ ಕೇಂದ್ರದಲ್ಲಿ ಗೊತ್ತಿಲ್ಲದ ಸಂಗತಿ ನಾಲ್ಕು: ಅಕ್ಷಾಂಶ, ರೇಖಾಂಶ, ಆಳ, ಹೊತ್ತು. ಹಾಗಾಗಿ ಕನಿಷ್ಠ ನಾಲ್ಕು ಮಾಪಕಗಳ ದಾಖಲೆ ಬೇಕು, ಒಂದು ಕೆಟ್ಟು ನಿಂತರೂ ನಡೆಯಬೇಕೆಂದರೆ ಐದಾರು. ಅವು ಜಲಾಶಯವನ್ನು ಸುತ್ತುವರಿದಿರಬೇಕು. ಎಲ್ಲವೂ ಒಂದೇ ದಂಡೆಯಲ್ಲಿದ್ದರೆ ಸ್ಥಾನ ಅತ್ತಿತ್ತ ಸರಿಯುತ್ತದೆ. 5 ಕಿಲೋಮೀಟರ್ ಆಳದ ಕಂಪನಕ್ಕೆ ಅಷ್ಟೇ ದೂರದೊಳಗೆ ಒಂದಾದರೂ ಮಾಪಕವಿಲ್ಲದಿದ್ದರೆ ಆಳದ ಅಂಕಿಯನ್ನು ನಂಬುವ ಹಾಗಿಲ್ಲ. ಮಣ್ಣಿನ ಮೇಲೆ, ರಸ್ತೆ ಪಕ್ಕ, ಜಲ್ಲಿ ಕ್ರಷರ್ ಹತ್ತಿರ ಕೂರಿಸಿದ್ದು ಲಾರಿಯನ್ನೇ ಹೆಚ್ಚು ದಾಖಲಿಸುತ್ತದೆ. ಗಟ್ಟಿ ಬಂಡೆ ಹುಡುಕಬೇಕು. ಕಾಮಗಾರಿಯ ಸಿಡಿಮದ್ದಿನ ವೇಳಾಪಟ್ಟಿ ಕೈಯಲ್ಲಿಲ್ಲದಿದ್ದರೆ ಸ್ಫೋಟವೂ ಭೂಕಂಪದ ಲೆಕ್ಕಕ್ಕೆ ಸೇರಿಹೋಗುತ್ತದೆ.

ಕಾನೂನು ಬೇರೆ ದಾರಿ ಹಿಡಿದಿತ್ತು. ಭಾರತದಲ್ಲಿ ಪರಿಸರ ಪರಿಣಾಮ ಅಧ್ಯಯನ ಕಡ್ಡಾಯವಾದದ್ದು 1994ರ ಅಧಿಸೂಚನೆಯಿಂದ. 1997ರಲ್ಲಿ ಸಾರ್ವಜನಿಕ ಅಹವಾಲು ಸೇರಿತು. 2006ರಲ್ಲಿ ಹೊಸ ಅಧಿಸೂಚನೆ ಬಂತು. ಆಗ ಅದರ ಪ್ರಕಾರ 50 ಮೆಗಾವಾಟ್ ಮತ್ತು ಮೇಲ್ಪಟ್ಟ ಜಲವಿದ್ಯುತ್ ಯೋಜನೆಗಳು ಕೇಂದ್ರದ ಪರಿಶೀಲನೆಗೆ ಹೋಗಬೇಕಿತ್ತು. ಪರಿಸರದ ಕಡತವನ್ನು ನೋಡುವುದು ಪರಿಸರ ಸಚಿವಾಲಯದ ತಜ್ಞರ ಸಮಿತಿ. ಭೂಕಂಪ ವಿನ್ಯಾಸದ ಅಂಕಿಗಳನ್ನು ನೋಡುವುದು ಕೇಂದ್ರ ಜಲ ಆಯೋಗದ ಕಡೆಯ ಇನ್ನೊಂದು ರಾಷ್ಟ್ರೀಯ ಸಮಿತಿ. ಎರಡರ ನಡುವಿನ ಸಂದಿಗೆ ಬೀಳುವ ಸಂಗತಿಗಳೇ ಹೆಚ್ಚು ಅಪಾಯದವು. ಜಲಾಶಯದ ಅಂಚಿನ ಗುಡ್ಡ ಅಂಥದ್ದು. 1963ರಲ್ಲಿ ಇಟಲಿಯ ವಾಯೊಂಟ್‌ನಲ್ಲಿ ಸುಮಾರು 26 ಕೋಟಿ ಘನ ಮೀಟರ್ ಗುಡ್ಡ ಜಲಾಶಯಕ್ಕೆ ಕುಸಿದು, ಎದ್ದ ಅಲೆ ಸುಮಾರು 2,000 ಜನರನ್ನು ಕೊಂದಿತು. ಅಣೆಕಟ್ಟು ಹಾಗೇ ನಿಂತಿತ್ತು. ಗುಡ್ಡ ಮುಂಚೆಯೇ ಇಂಚಿಂಚಾಗಿ ಜರುಗುತ್ತಿತ್ತು. ನೀರಿನ ಮಟ್ಟವನ್ನು ಬೇಗ ಇಳಿಸಿದರೆ ಆಪತ್ತು ಇನ್ನೂ ಹೆಚ್ಚು: ಹೊರಗಿನ ನೀರಿನ ಆಸರೆ ಹೋಗಿರುತ್ತದೆ, ಮಣ್ಣಿನೊಳಗಿನ ನೀರು ಹಾಗೇ ಉಳಿದಿರುತ್ತದೆ.

ಪರಿಸರ ಪರಿಣಾಮ ವರದಿಗಳಲ್ಲಿ ಪದೇ ಪದೇ ಕಾಣುವ ಸಾಲು ಒಂದಿದೆ: 'ಯೋಜನಾ ಪ್ರದೇಶ ಮೂರನೇ ವಲಯದಲ್ಲಿದ್ದು, ವಿನ್ಯಾಸವು ಐಎಸ್ 1893ರಂತೆ ಇರುತ್ತದೆ.' ಇದು ಅಧ್ಯಯನವಲ್ಲ, ನಕಲು. 2002ರಿಂದ ಬಳಕೆಗೆ ಬಂದ ವಲಯಾಂಕಗಳು, ಅಂದರೆ ಆಯಾ ವಲಯಕ್ಕೆ ಹಿಡಿಯುವ ಅಲುಗಾಟ, ಜಿ ಲೆಕ್ಕದಲ್ಲಿ ಎರಡನೇ ವಲಯಕ್ಕೆ 0.10, ಮೂರಕ್ಕೆ 0.16, ನಾಲ್ಕಕ್ಕೆ 0.24, ಐದಕ್ಕೆ 0.36. ಕೊಯ್ನಾದಲ್ಲಿ ಅಳೆದ 0.49 ಐದನೇ ವಲಯದ ಅಂಕವನ್ನೂ ಮೀರುತ್ತದೆ. ವಲಯಾಂಕ ಸಾಮಾನ್ಯ ಕಟ್ಟಡಗಳಿಗೆ ಸರಿ. ದೊಡ್ಡ ಅಣೆಕಟ್ಟಿಗೆ ಆ ಜಾಗದ್ದೇ ಲೆಕ್ಕ ಬೇಕು: ಹತ್ತಿರದ ಸ್ತರಭಂಗಗಳು, ಅವುಗಳ ಉದ್ದ, 475 ವರ್ಷಕ್ಕೊಮ್ಮೆ ಮತ್ತು 2,475 ವರ್ಷಕ್ಕೊಮ್ಮೆ ನಿರೀಕ್ಷಿಸುವ ಅಲುಗಾಟ.

ವರದಿ ಕೈಗೆ ಸಿಕ್ಕರೆ ಮೊದಲು ಹುಡುಕಬೇಕಾದದ್ದು ಮಾಪಕಗಳ ಸಂಖ್ಯೆ, ಜಾಗ ಮತ್ತು ಅವು ಕೆಲಸ ಶುರು ಮಾಡಿದ ತಾರೀಖು. ಗಾಳಿ, ಸದ್ದಿನ ಅಳತೆಗೆ ಒಂದೆರಡು ಋತು ಸಾಕಾಗಬಹುದು. ನೆಲಕ್ಕೆ ಹಲವು ವರ್ಷ ಬೇಕು. ಕೊಯ್ನಾದಲ್ಲಿ ಮಳೆಗಾಲದ ನೀರು ತುಂಬಿದ ಮೇಲಿನ ತಿಂಗಳುಗಳಲ್ಲಿ ಇಂದಿಗೂ ನಡುಕ ಹೆಚ್ಚುತ್ತದೆ. ಹಾಗಾಗಿ ಒಂದು ಬೇಸಿಗೆಯ ದಾಖಲೆಯಿಂದ ಏನೂ ತಿಳಿಯದು. ಆ ಪುಟದಲ್ಲಿ ತಾರೀಖಿಲ್ಲದೆ ವಲಯದ ಸಂಖ್ಯೆಯಷ್ಟೇ ಇದ್ದರೆ, ಅಹವಾಲಿಗೆ ಮುಂಚಿನ 30 ದಿನಗಳ ನೋಟಿಸ್ ಅವಧಿಯಲ್ಲೇ ಲಿಖಿತವಾಗಿ ಕೇಳಬಹುದು.